ಅನುಭವ ಇಲ್ಲವೆಂದು ಬಿ.ಇಡಿ. ಅರ್ಜಿ ಬಿಡಬೇಡಿ



ಪಾಠ ಮಾಡಿದ ಅನುಭವವಿಲ್ಲದಿದ್ದರೆ ಬಿ.ಇಡಿ. ಸೀಟು ಸಿಗುವುದಿಲ್ಲ ಎಂಬ ಮಾತು ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಪದವೀಧರರಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಆಗಾಗ ಕೇಳಿಬರುತ್ತದೆ. ವಾಡಿ, ಶಹಾಬಾದ್‌ನಲ್ಲೂ ಇದೇ ಅಳುಕು. ಕೆಲವರು ಅನುಭವಕ್ಕೆಂದೇ ಪುಡಿಗಾಸಿಗೆ ದುಡಿದು ವರ್ಷ ಕಳೆಯುತ್ತಾರೆ. ಇದು ನೋವಿನ ಸಂಗತಿ.

ನಿಯಮ ಹಾಗಿಲ್ಲ. ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಪರಿಷತ್ತಿನ (ಎನ್‌ಸಿಟಿಇ) 2014ರ ನಿಯಮಾವಳಿ ಕೇಳುವುದು ಪದವಿ ಅಥವಾ ಸ್ನಾತಕೋತ್ತರದಲ್ಲಿ ಕನಿಷ್ಠ ಶೇ 50 ಅಂಕ. ಮೀಸಲು ವರ್ಗಗಳಿಗೆ ರಿಯಾಯಿತಿ ಇದೆ. ಬೋಧನಾನುಭವ ಕೊಡುವುದೇ ಕೋರ್ಸಿನ ಕೆಲಸ. ಎರಡು ವರ್ಷಗಳಲ್ಲಿ 20 ವಾರ ಶಾಲೆಗಳಲ್ಲಿ ತರಬೇತಿ, ಅದರಲ್ಲಿ 16 ವಾರ ಎರಡನೇ ವರ್ಷ. ಪಾಠಯೋಜನೆ ಬರೆದು, ಮಾರ್ಗದರ್ಶಕರ ಎದುರು ಪಾಠ ಮಾಡಿ, ತಪ್ಪು ತಿದ್ದಿಸಿಕೊಳ್ಳುವುದು ಅಲ್ಲಿಯೇ. ಉರ್ದು, ತೆಲುಗು, ಲಂಬಾಣಿ ಮನೆಮಾತಿನ ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಕಲಿಸಲು ಇದೇ ನೆಲದವರಿಗಿಂತ ಯೋಗ್ಯರು ಯಾರು?

ಪದವಿ ಕಾಲೇಜುಗಳ ಪ್ರಾಚಾರ್ಯರು ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಈ ಅರ್ಹತೆಯನ್ನು ತರಗತಿಯಲ್ಲೇ ತಿಳಿಸಬೇಕು. ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗಳು ಪ್ರವೇಶ ಪ್ರಕಟಣೆಯನ್ನು ಸೂಚನಾ ಫಲಕಕ್ಕೆ ಹಚ್ಚಬೇಕು. ಪದವೀಧರರೇ, ಕಲ್ಯಾಣ ಕರ್ನಾಟಕ ಮೀಸಲಾತಿಯ 371(ಜೆ) ಮತ್ತು ಜಾತಿ ಪ್ರಮಾಣಪತ್ರಗಳನ್ನು ಈಗಲೇ ಮಾಡಿಸಿಟ್ಟುಕೊಂಡು ಅರ್ಜಿ ಹಾಕಿ.

– ನಿವೃತ್ತ ಶಿಕ್ಷಕಿ, ಚಿತ್ತಾಪುರ