ಹೊಸ ಹಿಮಾಲಯನ್ನೂ ನಮ್ಮ ಕಾಲೂ

ನಮ್ಮ ಸಂಘದ ಭಾನುವಾರದ ಹರಟೆಯಲ್ಲಿ ಈಗ ಒಂದೇ ವಾದ. ಈ ಚೆನ್ನೈ ಬಳಿಯೇ ತಯಾರಾಗುವ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 2023ರಲ್ಲಿ ಹೊಸ ರೂಪ ತಳೆದು ಸುಧಾರಿಸಿತೇ, ಕೆಟ್ಟಿತೇ? ತರುಣರ ಉತ್ತರ ಸಿದ್ಧವಾಗಿದೆ: 2016ರ ಹಳೆಯದಕ್ಕೆ 24 ಅಶ್ವಶಕ್ತಿ, ಹೊಸದಕ್ಕೆ ಹೆಚ್ಚುಕಡಿಮೆ 40; ಐದು ಗೇರು ಹೋಗಿ ಆರು ಬಂದಿವೆ. ಒಪ್ಪಿದೆವು. ಬೆಂಗಳೂರಿನ ಹೆದ್ದಾರಿಗೆ ಹೊಸದೇ ಮೇಲು.

ಆದರೆ ಮಹಾಶಯರೇ, ಗಾಡಿ ನಿಂತಾಗ? ಹಳೆಯದರ ಆಸನ ನೆಲದಿಂದ 800 ಮಿಲಿಮೀಟರ್. ಹೊಸದರದು 825, ಏರಿಸಿದರೆ 845. ಒಂದಂಗುಲ ತಾನೇ ಎಂದು ನಗುವವರು ಆರಡಿಯವರು. ಐದಡಿ ನಾಲ್ಕಂಗುಲದ ನಮ್ಮಂಥವರಿಗೆ ಅದು ಪಾದವೂರುವುದಕ್ಕೂ ಬೆರಳ ತುದಿಯೂರುವುದಕ್ಕೂ ಇರುವ ಅಂತರ. ಏರ್ಕಾಡು ಘಾಟಿಯ ತಿರುವಿನಲ್ಲಿ ಎದುರಿಗೆ ಬಸ್ಸು, ಹಿಂದೆ ಹೆಂಡತಿ, ಪಕ್ಕದಲ್ಲಿ ಅವಳ ಹಪ್ಪಳದ ಡಬ್ಬಿ (ಅದಿಲ್ಲದೆ ಪ್ರವಾಸವೇ ಇಲ್ಲ). ಆಗ 196 ಕಿಲೋ ಒಂದು ಕಡೆ ವಾಲಿದರೆ ಯಾವ ಅಶ್ವಶಕ್ತಿಯೂ ಹಿಡಿದು ನಿಲ್ಲಿಸದು. ತೂಕ ಇಳಿದಿರುವುದು ಮೂರೇ ಕಿಲೋ.

ತಗ್ಗಿನ ಆಸನವನ್ನು ಬೇರೆ ದುಡ್ಡು ಕೊಟ್ಟು ಹಾಕಿಸಿಕೊಳ್ಳಿ ಎನ್ನುತ್ತಾರೆ. ಏಕೆ ಸ್ವಾಮಿ? ತಗ್ಗಿನದು ಗಾಡಿಯೊಡನೆ ಬರಲಿ. ಎತ್ತರದ್ದು ಬೇಕೆನ್ನುವ ಆರಡಿಯವರು ದುಡ್ಡು ತೆರಲಿ.