ಕಾಡು ಬಲ್ಲವರು ಅರ್ಜಿಯನ್ನೂ ಬರೆಯಲಿ

ಮಳೆಗಾಲ ಬಂತೆಂದರೆ ಘಟ್ಟದ ಹಳ್ಳಿಗಳಿಗೆ ಸಂಶೋಧಕರು ಬರುತ್ತಾರೆ. ಅವರಿಗೆ ದಾರಿ ತೋರಿಸುವವನು, ಕೂಗಿನಿಂದಲೇ ಕಪ್ಪೆಯನ್ನು ಗುರುತಿಸುವವನು, ಉಂಬಳ ಕಚ್ಚಿಸಿಕೊಂಡು ರಾತ್ರಿಯಿಡೀ ಜೊತೆಗಿರುವವನು ಊರಿನ ಯುವಕ. ಪ್ರಬಂಧ ಪ್ರಕಟವಾದಾಗ ಅವನ ಪಾಲಿಗೆ ದೊರೆಯುವುದು ಬಹಳವೆಂದರೆ ಕೃತಜ್ಞತೆಯ ಒಂದು ಸಾಲು. ಈ ಸ್ಥಿತಿ ಬದಲಾಗಬೇಕಾದರೆ ಮಲೆನಾಡಿನ ವಿದ್ಯಾರ್ಥಿಗಳು ಸಂಶೋಧನಾ ಹುದ್ದೆಗಳಿಗೆ ತಾವೇ ಅರ್ಜಿ ಸಲ್ಲಿಸಬೇಕು. ಸಂಸ್ಥೆಗಳೂ ಆ ಅರ್ಜಿಗಳನ್ನು ನೋಡುವ ದೃಷ್ಟಿಯನ್ನು ತಿದ್ದಿಕೊಳ್ಳಬೇಕು.

ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಅಂಗವಾದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಿದೆ. ಜೀವಕೋಶದೊಳಗಿನ ಅಣುವಿನಿಂದ ಹುಲಿಯ ವಂಶವಾಹಿಯವರೆಗೆ ಅಲ್ಲಿ ಅಧ್ಯಯನ ನಡೆಯುತ್ತದೆ. ಇಂತಹ ಸಂಸ್ಥೆಗಳಲ್ಲಿರುವುದು ವಿಜ್ಞಾನಿಗಳ ಹುದ್ದೆಗಳು ಮಾತ್ರವಲ್ಲ. ಯೋಜನಾ ಸಹಾಯಕರು, ಕ್ಷೇತ್ರ ಸಹಾಯಕರು, ಕಿರಿಯ ಸಂಶೋಧನಾ ಫೆಲೋಗಳು ಸಹ ಬೇಕಾಗುತ್ತಾರೆ. ಕಿರಿಯ ಫೆಲೋಗಳಿಗೆ ಕೇಂದ್ರ ಸರ್ಕಾರ 2023ರಲ್ಲಿ ಮಾಸಿಕ 37,000 ರೂಪಾಯಿ ನಿಗದಿಪಡಿಸಿತು. ಆದರೆ ಯೋಜನೆಯ ಹುದ್ದೆ ಯೋಜನೆಯೊಂದಿಗೇ ಮುಗಿಯುತ್ತದೆ. ಅವಧಿ ಎಷ್ಟು, ಅನಂತರ ಪಿಎಚ್.ಡಿ.ಗೆ ದಾರಿಯಿದೆಯೇ ಎಂದು ಮೊದಲೇ ಕೇಳಿ ತಿಳಿಯುವುದು ಸಂಕೋಚದ ವಿಷಯವಲ್ಲ.

ಅರ್ಜಿಯ ಪತ್ರದಲ್ಲಿ ‘ಪರಿಸರದಲ್ಲಿ ಅಪಾರ ಆಸಕ್ತಿಯಿದೆ’ ಎಂದಷ್ಟೇ ಬರೆದರೆ ಅದು ಸಾವಿರ ಪತ್ರಗಳಲ್ಲಿ ಒಂದಾಗುತ್ತದೆ. ಯಾವ ಹಳ್ಳದಲ್ಲಿ, ಯಾವ ತಿಂಗಳಲ್ಲಿ, ಏನನ್ನು, ಎಷ್ಟು ಸಲ ಕಂಡದ್ದು ಎಂದು ಬರೆದರೆ ಅದೇ ಅರ್ಹತೆಯ ಸಾಕ್ಷಿ. ಆದುದರಿಂದ ವಿದ್ಯಾರ್ಥಿಗಳು ಇಂದಿನಿಂದಲೇ ದಿನಾಂಕಸಹಿತ ಟಿಪ್ಪಣಿ ಪುಸ್ತಕವೊಂದನ್ನು ಇಡಲಿ. ಮೊಟ್ಟೆಗಳಿಗೆ ಕೆಸರು ಮೆತ್ತುವ ಕಪ್ಪೆಗೆ 2014ರಲ್ಲಿ ವಿಜ್ಞಾನಿಗಳು ‘ಕುಂಬಾರ’ ಎಂದೇ ಹೆಸರಿಟ್ಟರು. ವಿಜ್ಞಾನದ ಪುಟದಲ್ಲಿ ಕನ್ನಡದ ಪದಕ್ಕೆ ಸ್ಥಳವಿರುವಾಗ ಕನ್ನಡದಲ್ಲಿ ಕಾಡನ್ನು ಓದಿದವರಿಗೆ ಏಕಿರಬಾರದು?

ಅಡ್ಡಿಗಳಿಲ್ಲವೆಂದಲ್ಲ. ಜೀವವಿಜ್ಞಾನದ ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಸಂದರ್ಶನದಲ್ಲಿ ಇಂಗ್ಲಿಷ್ ತಡವರಿಸಿದವನನ್ನು ತಿಳಿವಳಿಕೆಯಿಲ್ಲದವನೆಂದು ಭಾವಿಸುವುದು ಸುಲಭ. ಘಟ್ಟದಲ್ಲಿ ಕೆಲಸಮಾಡುವ ಸಂಸ್ಥೆಗಳು ಕ್ಷೇತ್ರ ಹುದ್ದೆಗಳ ಪ್ರಕಟಣೆಯನ್ನು ಕನ್ನಡದಲ್ಲಿಯೂ ಹೊರಡಿಸಲಿ, ತಾಲೂಕು ಕಾಲೇಜುಗಳಿಗೆ ಕಳುಹಿಸಲಿ, ಸಂದರ್ಶನದ ಒಂದು ಭಾಗವನ್ನಾದರೂ ಕಾಡಿನಲ್ಲಿಯೇ ನಡೆಸಲಿ.

ಇದು ಕೇವಲ ಉದ್ಯೋಗದ ಪ್ರಶ್ನೆಯಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ 2019ರಲ್ಲಿಯೂ ಸಾಗರ ತಾಲೂಕಿನ ಅರಳಗೋಡು ಸುತ್ತಮುತ್ತ ಜೀವಗಳನ್ನು ಬಲಿ ಪಡೆಯಿತು. ಮಂಗ ಎಲ್ಲಿ ಸತ್ತುಬಿದ್ದಿದೆ, ಉಣುಗು ಎಲ್ಲಿ ಹೆಚ್ಚಿದೆ ಎಂಬುದು ಮೊದಲು ತಿಳಿಯುವುದು ದರಗು ಗುಡಿಸಲು, ಸೌದೆ ತರಲು ಹೋಗುವವರಿಗೆ. ಅವರ ಮನೆಯ ಮಗಳೊಬ್ಬಳು ಪ್ರಯೋಗಾಲಯದಲ್ಲಿದ್ದರೆ ಆ ಸುದ್ದಿ ಅಲ್ಲಿಗೆ ಬೇಗ ತಲುಪುತ್ತದೆ. ಯಾವ ಪ್ರಶ್ನೆಯನ್ನು ಮೊದಲು ಕೇಳಬೇಕೆಂಬುದೂ ಬದಲಾಗುತ್ತದೆ.

ಪೋಷಕರು ಮಕ್ಕಳನ್ನು ತಡೆಯದಿರಲಿ, ಅಧ್ಯಾಪಕರು ಶಿಫಾರಸು ಪತ್ರ ಬರೆಯಲು ಹಿಂಜರಿಯದಿರಲಿ. ಒಮ್ಮೆ ತಿರಸ್ಕೃತವಾದ ಅರ್ಜಿಯನ್ನು ತಿದ್ದಿ ಮತ್ತೆ ಕಳುಹಿಸಬಹುದು. ಬರೆಯದೇ ಉಳಿದ ಅರ್ಜಿಗೆ ಮಾತ್ರ ಉತ್ತರ ಬರುವುದಿಲ್ಲ.