ದಾರ ಹರಿದರೆ ಧಮ್ಮ ಹರಿಯೋದಿಲ್ಲ



ನಮ್ಮ ಕೇರಿಯ ಹುಡುಗನೊಬ್ಬ ರಾತ್ರಿ ಮನೆಗೆ ಬಂದ. ಮರುದಿನ ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆ. ಮುಂಡಗೋಡಿನ ಟಿಬೆಟ್ ಕ್ಯಾಂಪಿಗೆ ಹೋದಾಗ ಕಟ್ಟಿಸಿಕೊಂಡಿದ್ದ ಕೆಂಪು ದಾರ ಸ್ನಾನ ಮಾಡುವಾಗ ಹರಿದು ಹೋಗಿತ್ತಂತೆ. "ಅಣ್ಣಾ, ಈಗ ಏನಾಗ್ತದೆ?" ಅಂದ. ಕಣ್ಣಲ್ಲಿ ನೀರು.

ಸಿಟ್ಟು ಬಂತು. ಅವನ ಮೇಲಲ್ಲ, ನಮ್ಮ ಮೇಲೆ. ಗುಡಿಯ ದಾರ ಬಿಚ್ಚಿಸಿದವರು ನಾವೇ. ಆ ದಾರದ ಜೊತೆ ಇದ್ದ ಹೆದರಿಕೆಯನ್ನ ಮಾತ್ರ ಬಿಚ್ಚಲಿಲ್ಲ.

ಆ ದಾರ ಏನು ಅಂತ ತಿಳ್ಕೊಳ್ಳಿ. ಟಿಬೆಟಿಯನ್ನರು ಅದಕ್ಕೆ ಸುಂಗ್‌ದು ಅಂತಾರೆ, ರಕ್ಷೆಯ ಗಂಟು. ಲಾಮಾಗಳು ಮಂತ್ರ ಹೇಳಿ ಗಂಟಿಗೆ ಉಸಿರೂದಿ ಕೊಡ್ತಾರೆ. ಶ್ರೀಲಂಕಾದಲ್ಲಿ ಬಿಳಿ ದಾರ. ಭಿಕ್ಖುಗಳು ರತನ ಸುತ್ತ, ಮೆತ್ತ ಸುತ್ತ ಪಠಿಸುವಾಗ ಒಂದೇ ದಾರವನ್ನ ಕೂತವರೆಲ್ಲ ಹಿಡಿದಿರ್ತಾರೆ. ಮುಗಿದ ಮೇಲೆ ತುಂಡು ಮಾಡಿ ಕೈಗೆ ಕಟ್ತಾರೆ. ನನಗೆ ದೊಡ್ಡದಾಗಿ ಕಾಣೋದು ಆ ಒಟ್ಟಿಗೆ ಹಿಡಿಯೋದು. ಅವರಲ್ಲೂ ಇದನ್ನ ತಾಯತ ಅಂತ ನಂಬುವವರಿದ್ದಾರೆ, ಇಲ್ಲ ಅನ್ನಲ್ಲ. ಆದರೆ ದೀಘನಿಕಾಯದ ಬ್ರಹ್ಮಜಾಲ ಸುತ್ತ ಓದಿ. ಶಕುನ, ಭವಿಷ್ಯ, ಮಂತ್ರ ಹೇಳಿ ಹೊಟ್ಟೆ ಹೊರೆಯೋದನ್ನ ಬುದ್ಧ ಕೀಳು ವಿದ್ಯೆ ಅಂತ ತಳ್ಳಿಬಿಟ್ಟಿದ್ದಾನೆ.

"ಮತ್ತೆ ನಿನ್ನ ಕೈಲಿ ಯಾಕೆ ಇದೆ?" ಅಂತ ಕೇಳ್ತೀರಿ. ಕೇಳಿ.

ನಾನು ಸಣ್ಣವನಿದ್ದಾಗ ಬೊಗಸೆ ಒಡ್ಡಿದ ನಮ್ಮಪ್ಪನಿಗೆ ಮೊಳ ಎತ್ತರದಿಂದ ಪ್ರಸಾದ ಬೀಳ್ತಿತ್ತು. ಮುಂಡಗೋಡಿನಲ್ಲಿ ಒಬ್ಬ ಮುದಿ ಭಿಕ್ಷು ನನ್ನ ಮಣಿಕಟ್ಟು ಹಿಡಿದು, ನಿಧಾನಕ್ಕೆ ಗಂಟು ಹಾಕಿದ. ಜಾತಿ ಕೇಳಲಿಲ್ಲ. ಆ ಮುಟ್ಟಿದ ಕೈಯ ನೆನಪಿಗೆ ಕಟ್ಕೊಂಡಿದ್ದೇನೆ. ಹರಿದರೆ ಹರೀಲಿ.

ಆಫೀಸಲ್ಲಿ ಒಬ್ಬರು ನಕ್ಕು ಕೇಳಿದ್ರು, "ಏನ್ರೀ, ನಿಮಗೂ ಜನಿವಾರ ಬಂತಾ?" ಇಲ್ಲ ಸ್ವಾಮಿ. ನಿಮ್ಮದು ಹುಟ್ಟು ನೋಡಿ, ಗಂಡು ಅಂತ ನೋಡಿ ಬರೋದು. ಇದು ನನ್ನ ಹೆಂಡತಿ ಕೈಲೂ ಇದೆ.

"ಟಿಬೆಟಿನವರ ಧರ್ಮ ನಮಗ್ಯಾಕೆ" ಅನ್ನೋರಿಗೂ ಒಂದು ಮಾತು. ಟಿಬೆಟಿಯನ್ನರು ಮುಂಡಗೋಡಿಗೆ ಬಂದದ್ದು 1966ರಲ್ಲಿ. ಅಶೋಕನ ಕಾಲದಲ್ಲೇ ರಕ್ಖಿತ ಥೇರರನ್ನ ವನವಾಸಕ್ಕೆ ಕಳಿಸಿದ್ರು ಅಂತ ಮಹಾವಂಸ ಹೇಳ್ತದೆ. ವನವಾಸ ಅಂದ್ರೆ ನಮ್ಮ ಶಿರಸಿ ತಾಲೂಕಿನ ಬನವಾಸಿ ಅಂತಲೇ ವಿದ್ವಾಂಸರು ಗುರುತಿಸ್ತಾರೆ.

ಇನ್ನು ನಮ್ಮವರಿಗೆ. 1956ರ ಅಕ್ಟೋಬರ್‌ನಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ದಾರದ ಮಾತೇ ಇಲ್ಲ. ಕದಿಯಲ್ಲ, ಸುಳ್ಳು ಹೇಳಲ್ಲ, ಕುಡಿಯಲ್ಲ ಅನ್ನೋದಿದೆ. ಸಿದ್ದಾಪುರ, ಯಲ್ಲಾಪುರದ ಎಷ್ಟೋ ಸಭೆಗಳ ನಂತರ ನೋಡಿದ್ದೇನೆ, ಕೆಂಪು ದಾರ ಇರೋ ಕೈಲೇ ಕ್ವಾರ್ಟರ್ ಬಾಟ್ಲಿ. ಬೇಜಾರಾದ್ರೆ ಆಗಲಿ, ಬರೆದೇ ಬಿಡ್ತೇನೆ.

ಹುಡುಗ ಬರಿಗೈಲೇ ಹೋಗಿ ಪರೀಕ್ಷೆ ಬರೆದು ಬಂದ. ನಾಲ್ಕು ಮಾರ್ಕಿನ ಒಂದು ತ್ರಿಕೋನಮಿತಿ ಲೆಕ್ಕ ತಪ್ಪಿದೆಯಂತೆ. ಆ ಪಾಠ ಅವನು ಓದೇ ಇರಲಿಲ್ಲ.